ಡಾಕ್ಟರೇಟ್ ಪಡೆದು ತರಗತಿಗೇ ಮರಳಿದ ಎಚ್ಚೆನ್

ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ನೆಟ್ ಅಥವಾ ಕೆ-ಸೆಟ್ ಕನಿಷ್ಠ ಅರ್ಹತೆ, ಪಿಎಚ್.ಡಿ. ಐಚ್ಛಿಕ ಎಂದು ಯುಜಿಸಿ 2023ರ ಜುಲೈನಿಂದ ನಿಯಮಿಸಿದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಕಾಲೇಜುಗಳಲ್ಲಿ ಮುಂದೆ ವಿಜ್ಞಾನ ಬೋಧಿಸಬಯಸುವವರು, ಹಾಗಾದರೆ ಸಂಶೋಧನೆಯ ಗೊಡವೆ ಏಕೆ ಎಂದು ಕೇಳಿದರೆ ಅಚ್ಚರಿಯಿಲ್ಲ. ಅಂಥವರು ಡಾ. ಎಚ್. ನರಸಿಂಹಯ್ಯನವರ ಬದುಕನ್ನು ಒಮ್ಮೆ ಅವಲೋಕಿಸಬೇಕು.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬದಲ್ಲಿ 1920ರ ಜೂನ್ 6ರಂದು ಜನಿಸಿದ ಅವರು, ಪ್ರೌಢಶಾಲೆ ಸೇರಲು 1935ರಲ್ಲಿ ಬೆಂಗಳೂರಿಗೆ ನಡೆದೇ ಬಂದರು. ಬಸ್ಸಿಗೆ ಕಾಸಿರಲಿಲ್ಲ. ಸೆಂಟ್ರಲ್ ಕಾಲೇಜಿನಲ್ಲಿದ್ದಾಗ 1942ರ ಚಳವಳಿಗೆ ಧುಮುಕಿ ಸೆರೆವಾಸ ಅನುಭವಿಸಿದರು. 1946ರಲ್ಲಿ ಭೌತವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿ, ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಅಧ್ಯಾಪಕರಾದರು.

ಡಾಕ್ಟರೇಟ್ ಇಲ್ಲದೆಯೇ ಹನ್ನೊಂದು ವರ್ಷ ಪಾಠ ಹೇಳಿದ್ದ ಅವರಿಗೆ ಕೆಲಸದ ಚಿಂತೆಯೇನೂ ಇರಲಿಲ್ಲ. ಆದರೂ 1957ರಲ್ಲಿ ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ತೆರಳಿ ಮತ್ತೆ ವಿದ್ಯಾರ್ಥಿಯಾದರು. ಖಾದಿಯ ಉಡುಪನ್ನು ಅಲ್ಲಿಯೂ ಬಿಡಲಿಲ್ಲ. 1960ರಲ್ಲಿ, ನಲವತ್ತರ ಹೊಸ್ತಿಲಲ್ಲಿ, ನ್ಯೂಕ್ಲಿಯರ್ ಭೌತವಿಜ್ಞಾನದಲ್ಲಿ ಪಿಎಚ್.ಡಿ. ಕೈಸೇರಿತು. ಆ ಪದವಿಯ ಬಲದಿಂದ ಪರದೇಶದಲ್ಲೇ ನೆಲೆಸಿದವರು ಹಲವರು. ಎಚ್ಚೆನ್ ಬಸವನಗುಡಿಗೇ ಮರಳಿದರು. 1961ರಲ್ಲಿ ಅದೇ ಕಾಲೇಜಿನ ಪ್ರಾಂಶುಪಾಲರಾದರು.

ಬಿ.ಎಸ್ಸಿ. ತರಗತಿಯಲ್ಲಿ ಪರಮಾಣು ಬೀಜದ ಕುರಿತ ಮಹಾಪ್ರಬಂಧ ನೇರವಾಗಿ ಉಪಯೋಗಕ್ಕೆ ಬರುವುದು ಕಡಿಮೆಯೇ. ಸಂಶೋಧನೆ ಕಲಿಸುವ, ಪುರಾವೆ ಕೇಳುವ ಅಭ್ಯಾಸದ ಮಾತು ಬೇರೆ. ಎಚ್ಚೆನ್ ಅದನ್ನು ಪ್ರಯೋಗಾಲಯದಲ್ಲೇ ಬಿಟ್ಟು ಬರಲಿಲ್ಲ. 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆ ಆರಂಭಿಸಿ, ವಾರವಾರವೂ ವಿಜ್ಞಾನಿಗಳನ್ನು ಕರೆಸಿ ಜನಸಾಮಾನ್ಯರಿಗೆ ಉಪನ್ಯಾಸ ಏರ್ಪಡಿಸಿದರು.

1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದರು. ರಾಮನಗರದ ಕಡೆಯಿಂದ ಬರುವವರಿಗೆ ಮೈಸೂರು ರಸ್ತೆಯಲ್ಲಿ ನಗರದ ಬಾಗಿಲಲ್ಲೇ ಎದುರಾಗುವ ಜ್ಞಾನಭಾರತಿ ಆವರಣ ಬೆಳೆದದ್ದು ಆ ದಿನಗಳಲ್ಲಿ. 1976ರಲ್ಲಿ ಪವಾಡಗಳ ವೈಜ್ಞಾನಿಕ ಪರೀಕ್ಷೆಗೆ ಸಮಿತಿ ರಚಿಸಿದಾಗ ನಾಡಿನಾದ್ಯಂತ ಕೋಲಾಹಲವೆದ್ದಿತು. ಸತ್ಯ ಸಾಯಿಬಾಬಾ ಅವರಿಗೆ ಬರೆದ ಪತ್ರಗಳಿಗೆ ಉತ್ತರ ಬರಲಿಲ್ಲ. ಕುಲಪತಿಗೆ ಇದೆಲ್ಲ ಏಕೆ ಎಂದವರೂ ಉಂಟು. ಪ್ರಶ್ನಿಸಲು ವಿದ್ಯಾರ್ಥಿಗೆ ಕಲಿಸುವವನು ತಾನೇ ಪ್ರಶ್ನಿಸದಿದ್ದರೆ ಹೇಗೆ?

ಗೌರಿಬಿದನೂರು, ಬಾಗೇಪಲ್ಲಿಗಳಂತಹ ಊರುಗಳಲ್ಲೂ ನ್ಯಾಷನಲ್ ಕಾಲೇಜು ತೆರೆಯಲು ಅವರು ಶ್ರಮಿಸಿದರು. ಅವಿವಾಹಿತರಾಗಿದ್ದ ಅವರು ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯೊಂದರಲ್ಲೇ ದಶಕಗಳ ಕಾಲ ವಾಸವಾಗಿದ್ದರು. 2005ರ ಜನವರಿ 31ರಂದು ನಿಧನರಾದರು.