ಆಶ್ರಯದಾತೆ ಉಮಾಬಾಯಿ ಕುಂದಾಪುರ

ಸ್ವಾತಂತ್ರ್ಯ ಸಂಗ್ರಾಮದಲ್ಲಿ ಧ್ವಜ ಹಿಡಿದು ಮುನ್ನಡೆದವರನ್ನು ನಾಡು ಸ್ಮರಿಸುತ್ತದೆ. ಅವರಿಗೆ ಅನ್ನವಿಕ್ಕಿ, ಮರೆಯಿತ್ತು ಕಾಪಾಡಿದವರೂ ಅಷ್ಟೇ ಸ್ಮರಣೀಯರು. ಅಂಥವರಲ್ಲಿ ಉಮಾಬಾಯಿ ಕುಂದಾಪುರ ಅವರು ಅಗ್ರಗಣ್ಯರು.

ಉಮಾಬಾಯಿಯವರು 1892ರಲ್ಲಿ ಮಂಗಳೂರಿನಲ್ಲಿ ಜನಿಸಿದರು. ತವರಿನವರಿಟ್ಟ ಹೆಸರು ಭವಾನಿ. ಬಾಲ್ಯದಲ್ಲಿಯೇ ಸಂಜೀವರಾವ್ ಕುಂದಾಪುರ ಅವರೊಡನೆ ವಿವಾಹವಾಯಿತು. ಮಾವ ಆನಂದರಾಯರು ಸುಧಾರಕ ಮನೋಭಾವದವರು. ಸೊಸೆಗೆ ಒತ್ತಾಸೆಯಾಗಿ ನಿಂತು ವಿದ್ಯಾಭ್ಯಾಸ ಮಾಡಿಸಿದರು. ತಾರುಣ್ಯದಲ್ಲಿಯೇ ಪತಿ ಕ್ಷಯರೋಗಕ್ಕೆ ತುತ್ತಾದರು. ಆ ಬಳಿಕ ಮಾವ ಸೊಸೆಯರು ಹುಬ್ಬಳ್ಳಿಯಲ್ಲಿ ನೆಲೆಸಿದರು. ಮಾವ ಕರ್ನಾಟಕ ಮುದ್ರಣಾಲಯವನ್ನು ತೆರೆದರು. ಉಮಾಬಾಯಿಯವರು ತಿಲಕ ಕನ್ಯಾಶಾಲೆಯ ಹೊಣೆ ಹೊತ್ತರು. ಮಹಿಳೆಯರಿಗಾಗಿ ಭಗಿನೀ ಮಂಡಲವನ್ನು ಕಟ್ಟಿದರು.

1924ರ ಡಿಸೆಂಬರಿನಲ್ಲಿ ಬೆಳಗಾವಿಯ ಟಿಳಕವಾಡಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ಜರುಗಿತು. ಡಾ. ನಾ. ಸು. ಹರ್ಡೀಕರರು ಕಟ್ಟಿದ ಹಿಂದೂಸ್ತಾನಿ ಸೇವಾದಳದಲ್ಲಿದ್ದ ಉಮಾಬಾಯಿಯವರು ಊರೂರು ತಿರುಗಿ, ಮನೆಯ ಹೊಸ್ತಿಲು ದಾಟಲು ಅಳುಕುತ್ತಿದ್ದ ಹೆಣ್ಣುಮಕ್ಕಳನ್ನು ಒಲಿಸಿ, 150ಕ್ಕೂ ಹೆಚ್ಚು ಸೇವಿಕೆಯರನ್ನು ಸಿದ್ಧಗೊಳಿಸಿದರು.

1932ರಲ್ಲಿ ಸರ್ಕಾರವು ಅವರನ್ನು ಬಂಧಿಸಿ 4 ತಿಂಗಳ ಕಾಲ ಯರವಡಾ ಸೆರೆಮನೆಯಲ್ಲಿಟ್ಟಿತು. ಅವರು ಸೆರೆಯಲ್ಲಿದ್ದಾಗಲೇ ತಂದೆಯಂತಿದ್ದ ಮಾವ ತೀರಿಕೊಂಡರು. ಮುದ್ರಣಾಲಯ ಮುಟ್ಟುಗೋಲಾಯಿತು. ಶಾಲೆಗೆ ಬೀಗಮುದ್ರೆ ಬಿದ್ದಿತು. ಭಗಿನೀ ಮಂಡಲವನ್ನು ಕಾನೂನುಬಾಹಿರವೆಂದು ಸಾರಲಾಯಿತು. ಹೊರಬಂದಾಗ ಅವರಿಗೆ ಉಳಿದುದು ಚಿಕ್ಕದೊಂದು ಮನೆ ಮಾತ್ರ. ಸೆರೆಯಿಂದ ಬಿಡುಗಡೆ ಹೊಂದಿ ದಿಕ್ಕುಗಾಣದೆ ಬಂದ ಮಹಿಳೆಯರಿಗೆ ಆ ಮನೆಯೇ ನೆಲೆಯಾಯಿತು.

1942ರ ಚಲೇಜಾವ್ ಚಳವಳಿಯಲ್ಲಿ ಪೊಲೀಸರ ಕಣ್ಣು ತಪ್ಪಿಸಿ ಓಡಾಡುತ್ತಿದ್ದ ಭೂಗತ ಕಾರ್ಯಕರ್ತರು ಅದೇ ಮನೆಯ ಬಾಗಿಲು ತಟ್ಟಿದರು. ಆಶ್ರಯವಿತ್ತರೆ ತೆರಬೇಕಾದ ಬೆಲೆಯೇನೆಂಬುದನ್ನು ಉಮಾಬಾಯಿಯವರು ಸ್ವಾನುಭವದಿಂದ ಬಲ್ಲವರಾಗಿದ್ದರು. ಆದರೂ ಬಾಗಿಲು ತೆರೆದರು. ಊಟವಿಕ್ಕಿ, ಕೈಲಾದಷ್ಟು ಹಣವನ್ನೂ ಕೊಟ್ಟರು.

ಅದೇ ವರ್ಷಗಳಲ್ಲಿ ಯೂರೋಪಿನಲ್ಲಿ ನಾಜಿಗಳು ಯೆಹೂದಿಗಳನ್ನು ಹುಡುಕಿ ಹುಡುಕಿ ಕೊಲ್ಲುತ್ತಿದ್ದರು. ಅಲ್ಲಿಯೂ ಸಾಮಾನ್ಯ ಜನ ನೆರೆಯ ಯೆಹೂದಿಗಳನ್ನು ಅಟ್ಟದಲ್ಲಿ, ನೆಲಮಾಳಿಗೆಯಲ್ಲಿ ಅಡಗಿಸಿ ಅನ್ನವಿತ್ತರು. ಪೋಲೆಂಡಿನಲ್ಲಿ ಅದಕ್ಕೆ ಮರಣದಂಡನೆಯೇ ವಿಧಿಯಾಗಿತ್ತು. ಹುಬ್ಬಳ್ಳಿಯಲ್ಲಿ ಒದಗಬಹುದಾದ ಶಿಕ್ಷೆ ಅಷ್ಟು ಘೋರವಾದುದಲ್ಲ. ಆದರೆ ಮನೆಬಾಗಿಲಿಗೆ ಬಂದವರನ್ನು ಹಿಂದಕ್ಕೆ ಕಳುಹಿಸಲಾರದ ಮನಸ್ಸು ಎರಡೂ ಕಡೆ ಒಂದೇ.

1946ರಲ್ಲಿ ಗಾಂಧೀಜಿಯವರು ಕಸ್ತೂರಬಾ ನಿಧಿಯ ಕರ್ನಾಟಕ ಶಾಖೆಯ ಹೊಣೆಯನ್ನು ಅವರಿಗೆ ವಹಿಸಿದರು. ಸ್ವಾತಂತ್ರ್ಯಾನಂತರ ಅವರು ಪ್ರಶಸ್ತಿಯನ್ನಾಗಲಿ, ನಿವೃತ್ತಿವೇತನವನ್ನಾಗಲಿ ಸ್ವೀಕರಿಸಲಿಲ್ಲ. ಹುಬ್ಬಳ್ಳಿಯ ಪುಟ್ಟ ಮನೆಯಲ್ಲಿಯೇ ಸರಳವಾಗಿ ಬಾಳಿ 1992ರಲ್ಲಿ ಕಾಲವಶರಾದರು.