ಹಾಲ್‌ಸ್ಟೆಡ್ ಬಿಟ್ಟುಹೋದ ಡ್ಯೂಟಿ ಪಟ್ಟಿ

ನಾನು ಪಾಂಡವಪುರದವನು, ಸರ್ಜರಿಯಲ್ಲಿ ಪಿಜಿ ಓದ್ತಿದ್ದೇನೆ. ಇವತ್ತು ಬೆಳಗ್ಗೆ ವಾರ್ಡಿಗೆ ಹೋದವನು ನಾಳೆ ರಾತ್ರಿ ಹೊರಗೆ ಬರೋದು ನಮಗೆಲ್ಲ ಮಾಮೂಲು. ನಮ್ಮೂರಿನ ಸಕ್ಕರೆ ಕಾರ್ಖಾನೆ ಕಾರ್ಮಿಕನಿಗೆ 1948ರ ಕಾಯ್ದೆಯೇ ವಾರಕ್ಕೆ 48 ಗಂಟೆಯ ಮಿತಿ ಹಾಕಿತ್ತು. ಹೊಲಿಗೆ ಹಾಕುವ ಡಾಕ್ಟರಿಗೆ ಯಾಕಿಲ್ಲ? ಹುಡುಕುತ್ತಾ ಹೋದರೆ ಸಿಗೋ ಹೆಸರು ವಿಲಿಯಂ ಹಾಲ್‌ಸ್ಟೆಡ್.

1852ರಲ್ಲಿ ನ್ಯೂಯಾರ್ಕಿನ ಅನುಕೂಲಸ್ಥರ ಮನೆಯಲ್ಲಿ ಹುಟ್ಟಿದ ಈತ 1877ರಲ್ಲಿ ವೈದ್ಯನಾದ. ಆಮೇಲೆ ಯೂರೋಪಿಗೆ ಹೋಗಿ ಅಲ್ಲಿನ ಶಸ್ತ್ರಚಿಕಿತ್ಸಾ ತರಬೇತಿ ನೋಡಿಬಂದ. 1884ರಲ್ಲಿ ಕೊಕೇನ್ ಅರಿವಳಿಕೆಯಾಗಿ ಕೆಲಸ ಮಾಡುತ್ತೆ ಅನ್ನೋ ಸುದ್ದಿ ಬಂದಾಗ ತನ್ನ ಮೇಲೇ ಪ್ರಯೋಗ ಮಾಡಿಕೊಂಡ. ನರಕ್ಕೆ ಚುಚ್ಚಿ ಮರಗಟ್ಟಿಸುವ ವಿಧಾನ ಸಿಕ್ಕಿತು, ಜೊತೆಗೆ ಚಟವೂ ಅಂಟಿತು. ಚಿಕಿತ್ಸೆಗೆ ಸೇರಿದ, ಕೊನೆಗೆ ಮಾರ್ಫಿನ್ ಜೀವನಪೂರ್ತಿ ಜೊತೆಗುಳಿಯಿತು.

ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ 1889ರಲ್ಲಿ ಶುರುವಾಯಿತು. ಅಲ್ಲಿ ಹಾಲ್‌ಸ್ಟೆಡ್ ರೆಸಿಡೆನ್ಸಿ ಪದ್ಧತಿ ಕಟ್ಟಿದ. ಹೆಸರೇ ಹೇಳುವಂತೆ ತರಬೇತಿಯ ವೈದ್ಯರು ಆಸ್ಪತ್ರೆಯಲ್ಲೇ ವಾಸ ಮಾಡಬೇಕು. ಹಗಲು ರಾತ್ರಿ ಕರೆದಾಗ ಬರಬೇಕು, ಮದುವೆ ಗಿದುವೆ ಯೋಚನೆ ಮಾಡಬಾರದು. ತರಬೇತಿ ಎಷ್ಟು ವರ್ಷ ಅನ್ನೋದೂ ಗುರುವಿನ ಮರ್ಜಿ. ಆದರೆ ಗುರು ಮಾತ್ರ ಪ್ರತಿ ಬೇಸಿಗೆ ತಿಂಗಳುಗಟ್ಟಲೆ ರಜೆ ಹಾಕಿ ಹೋಗುತ್ತಿದ್ದ!

ಆತ ಕೊಟ್ಟದ್ದೂ ದೊಡ್ಡದೇ. ಆಪರೇಷನ್ನಿಗೆ ರಬ್ಬರ್ ಗ್ಲೌಸ್ ಬಂದದ್ದು ಆತನಿಂದ. ನರ್ಸ್ ಕ್ಯಾರೊಲಿನ್ ಹ್ಯಾಂಪ್ಟನ್ ಕೈ ಔಷಧಿಗೆ ಸುಡುತ್ತಿತ್ತು ಅಂತ ಮಾಡಿಸಿದ; 1890ರಲ್ಲಿ ಅವರನ್ನೇ ಮದುವೆಯಾದ. 1922ರಲ್ಲಿ ತೀರಿಕೊಂಡ. ಸಹೋದ್ಯೋಗಿ ಆಸ್ಲರ್ ಬರೆದಿಟ್ಟಿದ್ದ ಗುಟ್ಟಿನ ಟಿಪ್ಪಣಿ 1969ರಲ್ಲಿ ಹೊರಬಂದಾಗ, ಬಾಲ್ಟಿಮೋರಿನಲ್ಲೂ ಆತ ಮಾರ್ಫಿನ್ ಬಿಟ್ಟಿರಲಿಲ್ಲ ಅಂತ ಗೊತ್ತಾಯಿತು. ಅಷ್ಟರಲ್ಲಿ ಆತನ ಪದ್ಧತಿ ಜಗತ್ತಿಗೇ ಹಬ್ಬಿತ್ತು.

ಗ್ಲೌಸ್ ಇರಲಿ. ನಿದ್ದೆಗೇಡಿತನವನ್ನೇ ನಿಷ್ಠೆ ಅಂತ ನಂಬಿಸುವ ರೂಢಿ ಯಾಕಿರಬೇಕು?

ಕಾಗದದ ಮೇಲೆ ನಮಗೂ ನಿಯಮ ಇದೆ. ಕೇಂದ್ರ ಸರ್ಕಾರದ 1992ರ ಆದೇಶ ಸಾಮಾನ್ಯವಾಗಿ ದಿನಕ್ಕೆ 12, ವಾರಕ್ಕೆ 48 ಗಂಟೆ ಅನ್ನುತ್ತೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ನಿಯಮ ಸಮಂಜಸ ಅವಧಿ ಅನ್ನುತ್ತೆ, ಗಂಟೆ ಎಷ್ಟು ಅಂತ ಹೇಳಲ್ಲ. ಆಯೋಗದ್ದೇ ಕಾರ್ಯಪಡೆ 2024ರಲ್ಲಿ ವಾರಕ್ಕೆ 74 ಗಂಟೆ ಮೀರಬಾರದು ಅಂದಿತು. ಅದು ಶಿಫಾರಸು, ಅಷ್ಟೇ.

ಇದು ಬರೀ ಡಾಕ್ಟರ ಗೋಳಲ್ಲ. ಶ್ರೀರಂಗಪಟ್ಟಣದ ಹೆದ್ದಾರಿಯಲ್ಲಿ ಬಿದ್ದವರು, ಕೆ.ಆರ್.ಪೇಟೆ, ನಾಗಮಂಗಲದ ಹಳ್ಳಿಗಳಿಂದ ನಡುರಾತ್ರಿ ಆಂಬುಲೆನ್ಸಿನಲ್ಲಿ ದೊಡ್ಡಾಸ್ಪತ್ರೆಗೆ ಬರೋ ಬಸುರಿಯರು ಮೊದಲು ಕಾಣೋದು ಪಿಜಿ ಮುಖವನ್ನೇ. ಆ ಮುಖ ನಿದ್ದೆ ಕಂಡು ಎಷ್ಟು ಹೊತ್ತಾಗಿದೆ ಅನ್ನೋದು ಅವರ ಜೀವದ ಪ್ರಶ್ನೆ. ಓಟು ಕೇಳಲು ಬಂದವರನ್ನ ರಸ್ತೆ, ನಾಲೆ ಬಗ್ಗೆ ಕೇಳ್ತೀವಲ್ಲ. ಗಂಟೆಯ ಮಿತಿಗೆ ಕಾನೂನಿನ ಬಲ ಯಾವಾಗ, ಅದಕ್ಕೆ ಬೇಕಾದ ಹುದ್ದೆ ಎಷ್ಟು ತುಂಬ್ತೀರಿ ಅಂತಲೂ ಕೇಳಿ.