ನಕಲುಗಾರ ಜ್ಯೋವಾನ್ನಿ ರಿಕೋರ್ಡಿ

ನಮ್ಮ ಮನೆಯ ಅಟ್ಟದ ಮೇಲೆ ಒಂದು ತಗಡಿನ ಟ್ರಂಕು ಇದೆ. ಅದರ ತುಂಬ ನನ್ನ ತಾತನವರ ಕೈಬರಹದ ಪುಸ್ತಕಗಳು. ತಾತ ಒಂದು ನಾಟಕ ಕಂಪೆನಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದರು. ಪಾತ್ರಧಾರಿಗಳಿಗೆ ಅವರವರ ಮಾತುಗಳನ್ನು ನಕಲು ಮಾಡಿಕೊಡುವುದು, ಹಾಡಿಲ್ಲದ ವೇಳೆಯಲ್ಲಿ ಸೈಡ್‌ವಿಂಗಿನಲ್ಲಿ ನಿಂತು ಮಾತು ಮರೆತವರಿಗೆ ಎತ್ತಿಕೊಡುವುದು, ಹೊಸ ಹಾಡಿಗೆ ಮಟ್ಟು ಕೂಡಿಸುವುದು, ಇವೆಲ್ಲವೂ ಅವರ ಪಾಲಿಗೇ ಬರುತ್ತಿದ್ದವು. ಅವರು ಮಟ್ಟು ಕೂಡಿಸಿದ ಹಾಡುಗಳನ್ನು ಬೇರೆ ಕಂಪೆನಿಗಳವರೂ ಹಾಡಿ ಚಪ್ಪಾಳೆ ಗಿಟ್ಟಿಸಿದರಂತೆ. ತಾತನವರಿಗೆ ಸಂದದ್ದು ತಿಂಗಳ ಸಂಬಳ ಮತ್ತು ಎರಡು ಹೊತ್ತಿನ ಊಟ. ಮಳೆಗಾಲದಲ್ಲಿ ಅದೂ ಇಲ್ಲ. ಈ ಕಥೆಯನ್ನು ಅಜ್ಜಿಯ ಬಾಯಲ್ಲಿ ಕೇಳಿ ಬೆಳೆದ ನನಗೆ ಇಟಲಿಯ ಜ್ಯೋವಾನ್ನಿ ರಿಕೋರ್ಡಿಯ ಜೀವನವೃತ್ತಾಂತವನ್ನು ಓದಿದಾಗ ಆಶ್ಚರ್ಯವಾಯಿತು. ಆತನೂ ನುಡಿಸುವವನೇ, ನಕಲು ಮಾಡುವವನೇ, ಮಾತು ಎತ್ತಿಕೊಡುವವನೇ. ಆದರೆ ಆತನ ದಾರಿ ಬೇರೆಯಾಯಿತು. ಅದು ಹೇಗಾಯಿತೆಂಬುದನ್ನು ನನಗೆ ತಿಳಿದಮಟ್ಟಿಗೆ ಇಲ್ಲಿ ನಿರೂಪಿಸುತ್ತೇನೆ.

ರಿಕೋರ್ಡಿ ಹುಟ್ಟಿದ್ದು 1785ರಲ್ಲಿ, ಮಿಲಾನ್ ನಗರದಲ್ಲಿ. ಯೌವನದಲ್ಲಿ ಆತ ಅಲ್ಲಿನ ಒಂದು ಚಿಕ್ಕ ನಾಟಕಶಾಲೆಯಲ್ಲಿ ಪಿಟೀಲು ನುಡಿಸುತ್ತಿದ್ದ. ಅದರಿಂದ ಹೊಟ್ಟೆ ತುಂಬುವುದು ಕಷ್ಟ. 1803ರ ಸುಮಾರಿಗೆ ಸಂಗೀತವನ್ನು ನಕಲು ಮಾಡಿಕೊಡುವ ಒಂದು ಸಣ್ಣ ಅಂಗಡಿಯನ್ನು ತೆರೆದ. ಪಾಶ್ಚಾತ್ಯ ಸಂಗೀತದಲ್ಲಿ ಒಂದು ಆಪೆರಾ ರಂಗಕ್ಕೆ ಬರಬೇಕಾದರೆ ಪ್ರತಿಯೊಬ್ಬ ಗಾಯಕನಿಗೂ, ಪ್ರತಿಯೊಂದು ವಾದ್ಯಕ್ಕೂ ಬೇರೆ ಬೇರೆ ಸ್ವರಲಿಪಿಯ ಹಾಳೆಗಳು ಬೇಕು. ಅಂದು ಅವನ್ನೆಲ್ಲ ಕೈಯಲ್ಲೇ ಬರೆಯಬೇಕಾಗಿತ್ತು. ಆದುದರಿಂದ ನಕಲುಗಾರನಿಲ್ಲದೆ ನಾಟಕಶಾಲೆ ನಡೆಯುವಂತಿರಲಿಲ್ಲ.

ಆದರೆ ರಿಕೋರ್ಡಿ ಲೇಖನಿಗೆ ಅಂಟಿಕೊಂಡು ಕೂರಲಿಲ್ಲ. 1807ರಲ್ಲಿ ಜರ್ಮನಿಯ ಲೈಪ್‌ಜಿಗ್‌ಗೆ ಹೋಗಿ, ಅಲ್ಲಿನ ಹೆಸರಾಂತ ಬ್ರೈಟ್‌ಕಾಫ್ ಮತ್ತು ಹೆರ್ಟೆಲ್ ಸಂಸ್ಥೆಯಲ್ಲಿ ಸಂಗೀತವನ್ನು ಅಚ್ಚು ಹಾಕುವ ಕ್ರಮವನ್ನು ಕಲಿತುಬಂದ. 1808ರ ಜನವರಿಯಲ್ಲಿ ಫೆಲಿಚೆ ಫೆಸ್ತಾ ಎಂಬ ಕೆತ್ತನೆಗಾರನೊಡನೆ ಪಾಲುದಾರಿಕೆ ಮಾಡಿಕೊಂಡ. ಅದು ಕೆಲವೇ ತಿಂಗಳಲ್ಲಿ ಮುರಿದುಬಿತ್ತು. ಆತ ಧೈರ್ಯಗೆಡದೆ ಒಬ್ಬನೇ ಮುಂದುವರಿದ. 1814ರ ವೇಳೆಗೆ ಆತನ ಪ್ರಕಟಣೆಗಳ ಪಟ್ಟಿಯಲ್ಲಿ 143 ಕೃತಿಗಳಿದ್ದವು.

ಮಿಲಾನಿನ ಲಾ ಸ್ಕಾಲಾ ಇಟಲಿಯ ಅತ್ಯಂತ ಪ್ರಸಿದ್ಧ ಆಪೆರಾ ಮಂದಿರ. ರಿಕೋರ್ಡಿ ಅಲ್ಲಿ ನಕಲುಗಾರನಾಗಿಯೂ ಮಾತು ಎತ್ತಿಕೊಡುವವನಾಗಿಯೂ ಸೇರಿಕೊಂಡ. ಆತನ ಜಾಣ್ಮೆ ಕಾಣುವುದು ಇಲ್ಲಿಯೇ. ಆತ ಬರಿಯ ಕೂಲಿಗೆ ಒಪ್ಪಿಕೊಳ್ಳದೆ, ತಾನು ನಕಲು ಮಾಡಿದ ಸಂಗೀತವನ್ನು ಪ್ರಕಟಿಸುವ ಹಕ್ಕನ್ನೂ ಕರಾರಿನಲ್ಲಿ ಸೇರಿಸಿಕೊಂಡ. 1825ರಲ್ಲಿ ಲಾ ಸ್ಕಾಲಾದ ಸಂಗೀತ ಭಂಡಾರವನ್ನೇ ಕೊಂಡುಕೊಂಡ. ಬಳಸಿ ಮುಗಿದ ಹಳೆಯ ಹಾಳೆಗಳೆಂದು ಇತರರಿಗೆ ಕಂಡಿರಬಹುದಾದ ಆ ರಾಶಿಯಲ್ಲಿ ಆತ ಮುಂದಿನ ಆದಾಯವನ್ನು ಕಂಡ.

ಆತನ ವ್ಯಾಪಾರದ ಗುಟ್ಟು ಸರಳವಾಗಿತ್ತು. ಮನೆಯಲ್ಲಿ ಹಾಡಿಕೊಳ್ಳುವವರಿಗೆಂದು ಪಿಯಾನೋ ಜೊತೆಗೂಡಿದ ಚಿಕ್ಕ ರೂಪವನ್ನು ಅಚ್ಚು ಹಾಕಿ ಮಾರುತ್ತಿದ್ದ. ವಾದ್ಯವೃಂದದ ಪೂರ್ಣ ಲಿಪಿಯನ್ನು ಮಾತ್ರ ಮಾರುತ್ತಿರಲಿಲ್ಲ. ಯಾವುದೇ ಊರಿನ ನಾಟಕಶಾಲೆ ಆ ಆಪೆರಾವನ್ನು ಆಡಬೇಕಾದರೆ, ಲಿಪಿಯನ್ನು ಬಾಡಿಗೆಗೆ ತಂದು, ಆಟ ಮುಗಿದ ಮೇಲೆ ಹಿಂದಿರುಗಿಸಬೇಕು. ಮಾರಿದ ಹಾಳೆ ಒಮ್ಮೆ ಮಾತ್ರ ಹಣ ತಂದರೆ, ಬಾಡಿಗೆಯ ಹಾಳೆ ಆಡಿದಷ್ಟು ಸಲ ತರುತ್ತದೆ. ಇಂದು ಸಂಗೀತದ ಪರವಾನಗಿ ಎಂದು ಕರೆಯುವ ವ್ಯವಹಾರದ ಒಂದು ಬೇರು ಇಲ್ಲಿದೆ.

ಆದರೆ ಬೇಲಿಯಿಲ್ಲದ ಹೊಲಕ್ಕೆ ದನ ನುಗ್ಗುವುದು ಸಹಜವಷ್ಟೆ. ಅಂದಿನ ಇಟಲಿ ಒಂದೇ ರಾಜ್ಯವಾಗಿರಲಿಲ್ಲ. ಹಲವು ಸಂಸ್ಥಾನಗಳಾಗಿ ಹಂಚಿಹೋಗಿತ್ತು. ಮಿಲಾನ್ ಆಸ್ಟ್ರಿಯದ ಆಳ್ವಿಕೆಯಲ್ಲಿತ್ತು. ಒಂದು ಸಂಸ್ಥಾನದ ಹಕ್ಕು ಗಡಿ ದಾಟಿದರೆ ಬೆಲೆಯಿಲ್ಲ. ಕಳ್ಳ ನಕಲುಗಾರರು ಲಿಪಿಯನ್ನು ಗುಟ್ಟಾಗಿ ಬರೆದುಕೊಂಡು ಅಗ್ಗದ ಬಾಡಿಗೆಗೆ ಕೊಡುತ್ತಿದ್ದರು. ಇನ್ನು ಕೆಲವರು ಅಚ್ಚಾದ ಪಿಯಾನೋ ರೂಪವನ್ನು ಮುಂದಿಟ್ಟುಕೊಂಡು, ವಾದ್ಯಗಳ ಭಾಗವನ್ನು ತಾವೇ ಹೊಸೆದು, ಅದನ್ನೇ ಮೂಲ ಕೃತಿಯೆಂದು ಸಾಗಹಾಕುತ್ತಿದ್ದರು. ಇದರಿಂದ ಸಂಗೀತಗಾರನಿಗೆ ಹಣವೂ ಹೋಯಿತು, ಹೆಸರೂ ಕೆಟ್ಟಿತು. 1840ರಲ್ಲಿ ಆಸ್ಟ್ರಿಯ ಮತ್ತು ಸಾರ್ಡೀನಿಯ ರಾಜ್ಯಗಳು ಗ್ರಂಥಸ್ವಾಮ್ಯದ ಒಪ್ಪಂದ ಮಾಡಿಕೊಂಡಾಗ ರಿಕೋರ್ಡಿಯಂಥವರಿಗೆ ಒಂದು ಆಯುಧ ದೊರೆಯಿತು. ಇಟಲಿಯ ಇತರ ಸಂಸ್ಥಾನಗಳು ಕ್ರಮೇಣ ಇದಕ್ಕೆ ಸೇರಿಕೊಂಡರೂ, ನೇಪಲ್ಸ್ ರಾಜ್ಯ ಮಾತ್ರ ಹೊರಗೇ ಉಳಿಯಿತು.

ಸಂಗೀತಗಾರರಲ್ಲಿ ರೊಸ್ಸೀನಿ, ಬೆಲ್ಲೀನಿ, ದೊನಿಜೆತ್ತಿ ಎಲ್ಲರ ಕೃತಿಗಳೂ ಆತನ ಅಚ್ಚುಕೂಟದಿಂದ ಬಂದವು. ಆದರೆ ಆತನ ಹೆಸರು ಮುಖ್ಯವಾಗಿ ಸೇರಿಕೊಂಡಿರುವುದು ವೆರ್ದಿಯ ಹೆಸರಿನೊಡನೆ. 1839ರಲ್ಲಿ ಲಾ ಸ್ಕಾಲಾದಲ್ಲಿ 26 ವರ್ಷದ ವೆರ್ದಿಯ ಮೊದಲ ಆಪೆರಾ ‘ಒಬೆರ್ತೊ’ ನಡೆಯಿತು. ಅದರ ಹಕ್ಕನ್ನು ರಿಕೋರ್ಡಿ 2,000 ಆಸ್ಟ್ರಿಯನ್ ಲೀರಾಗಳಿಗೆ ಕೊಂಡುಕೊಂಡ. ಅದರಲ್ಲಿಯೂ ಅರ್ಧ ನಾಟಕಶಾಲೆಯ ಗುತ್ತಿಗೆದಾರನ ಪಾಲು. 1842ರ ‘ನಬುಕ್ಕೊ’ ವೆರ್ದಿಯ ಕೀರ್ತಿಯನ್ನು ಹಬ್ಬಿಸಿತು.

ಇಷ್ಟಾದರೂ ಅವರ ಸಂಬಂಧ ಸದಾ ಸುಗಮವಾಗಿರಲಿಲ್ಲ. ರಿಕೋರ್ಡಿಯ ಬಳಿಯೇ ಕೆತ್ತನೆ ಕಲಿತು 1825ರಲ್ಲಿ ಸ್ವಂತ ಸಂಸ್ಥೆ ಕಟ್ಟಿದ ಫ್ರಾಂಚೆಸ್ಕೊ ಲುಕ್ಕಾ ಪ್ರಬಲ ಪ್ರತಿಸ್ಪರ್ಧಿಯಾದ. ವೆರ್ದಿ ಕೆಲವು ಕೃತಿಗಳನ್ನು ಅವನಿಗೇ ಕೊಟ್ಟ. ತನ್ನ ಸಂಗೀತ ಎಲ್ಲೆಲ್ಲೂ ಆಡುತ್ತಿರುವಾಗ ತನಗೇಕೆ ಒಂದೇ ಸಲದ ಹಣ ಎಂಬ ಪ್ರಶ್ನೆ ವೆರ್ದಿಯಲ್ಲಿ ಎದ್ದುದು ನ್ಯಾಯವೇ. 1847ರ ಕರಾರಿನ ವೇಳೆಗೆ ಪ್ರತಿ ಬಾಡಿಗೆಗೂ ಆತನಿಗೆ ಹಣ ಸಲ್ಲುವ ಏರ್ಪಾಡಾಯಿತು. ಆದರೆ ನಿಗದಿಯಾದ ದೊಡ್ಡ ಮೊತ್ತವನ್ನು ಸಣ್ಣ ಊರಿನ ನಾಟಕಶಾಲೆಗಳು ಕೊಡಲಾರದೆ ಕಳ್ಳ ಪ್ರತಿಗಳತ್ತ ತಿರುಗುತ್ತಿದ್ದವು. ಆದುದರಿಂದ ಮುಂದೆ, ಬಂದ ಬಾಡಿಗೆಯಲ್ಲಿ ಶೇಕಡಾವಾರು ಪಾಲು ಎಂಬ ಕ್ರಮ ಬಂತು. ದೊಡ್ಡ ಊರು ಹೆಚ್ಚು ಕೊಡಲಿ, ಸಣ್ಣ ಊರು ಕಡಮೆ ಕೊಡಲಿ, ಆದರೆ ಕೊಟ್ಟೇ ಆಡಲಿ. ವಿವೇಕದ ಏರ್ಪಾಡೆಂದರೆ ಇದು.

1853ರ ಮಾರ್ಚಿನಲ್ಲಿ ರಿಕೋರ್ಡಿ ತೀರಿಕೊಂಡಾಗ ಆತನ ಪ್ರಕಟಣೆಗಳ ಸಂಖ್ಯೆ 25,000ವನ್ನು ದಾಟಿತ್ತು. ಮಗ ತೀತೊ, ಮೊಮ್ಮಗ ಜೂಲಿಯೊ ಅದನ್ನು ಬೆಳೆಸಿದರು. ಪುಚ್ಚೀನಿಯನ್ನು ಲೋಕಕ್ಕೆ ಪರಿಚಯಿಸಿದವನು ಈ ಮೊಮ್ಮಗನೇ. 1888ರಲ್ಲಿ ಲುಕ್ಕಾನ ಸಂಸ್ಥೆಯೂ ಇವರಲ್ಲೇ ಲೀನವಾಯಿತು. 1994ರಲ್ಲಿ ಈ ಮನೆತನದ ಹೆಸರಿನ ಸಂಸ್ಥೆ ಪರರಿಗೆ ಮಾರಾಟವಾಯಿತಾದರೂ, ಅದರ ಹಸ್ತಪ್ರತಿ ಭಂಡಾರ ಮಿಲಾನಿನಲ್ಲೇ ಉಳಿದಿದೆ.

ರಿಕೋರ್ಡಿಯನ್ನು ನಾನು ಮಹಾತ್ಯಾಗಿಯೆಂದು ಹೊಗಳಲಾರೆ. ಆತ ವರ್ತಕ, ಲಾಭಕ್ಕಾಗಿ ದುಡಿದ. ಆಪೆರಾಗಳ ಮಾತು ಬರೆದ ಕವಿಗಳು ಒಂದೇ ಸಲದ ಹಣಕ್ಕೆ ತಮ್ಮ ಬರಹವನ್ನು ಕೊಟ್ಟು ಕೈತೊಳೆದುಕೊಳ್ಳುತ್ತಿದ್ದರೆಂಬುದನ್ನೂ ಮರೆಯುವಂತಿಲ್ಲ. ವೆರ್ದಿ ತನ್ನ ಪಾಲನ್ನು ಪಡೆದದ್ದು ಸಹ ಕೇಳಿದ್ದರಿಂದ, ಕೇಳುವಷ್ಟು ಕೀರ್ತಿ ಇದ್ದುದರಿಂದ. ಹಾಗಿದ್ದರೂ ಒಂದು ಹಾಡು ಹಾಡಿದ ಕ್ಷಣಕ್ಕೇ ಮುಗಿದುಹೋಗುವುದಿಲ್ಲ, ಅದಕ್ಕೊಬ್ಬ ಒಡೆಯನಿದ್ದಾನೆ, ಅದು ಹೋದಲ್ಲೆಲ್ಲ ಅವನ ಋಣ ಹಿಂಬಾಲಿಸುತ್ತದೆ ಎಂಬ ಅರಿವನ್ನು ವ್ಯವಹಾರದಲ್ಲಿ ನೆಲೆಗೊಳಿಸಿದವರಲ್ಲಿ ಈ ನಕಲುಗಾರ ಅಗ್ರಗಣ್ಯ.

ನಮ್ಮ ದೇಶದ 1957ರ ಗ್ರಂಥಸ್ವಾಮ್ಯ ಕಾಯಿದೆಗೆ 2012ರಲ್ಲಿ ತಿದ್ದುಪಡಿಯಾಗಿ, ಚಲನಚಿತ್ರಗಳಿಗೆ ಹಾಡು ಬರೆದವರೂ ರಾಗ ಕೂಡಿಸಿದವರೂ ಗೌರವಧನದ ಪಾಲನ್ನು ಬಿಟ್ಟುಕೊಡಲಾಗದಂತೆ ಆಗಿದೆ. ತಾತನವರ ಕಾಲಕ್ಕೆ ಇದು ಬರಲಿಲ್ಲ. ಬಂದಿದ್ದರೂ, ಯಾವ ಮಟ್ಟು ತಮ್ಮದೆಂದು ಅವರು ತೋರಿಸಬಲ್ಲವರಾಗಿರಲಿಲ್ಲ. ಏಕೆಂದರೆ ಆ ಟ್ರಂಕಿನ ಯಾವ ಪುಸ್ತಕದಲ್ಲೂ ಅವರು ತಮ್ಮ ಹೆಸರನ್ನು ಬರೆದುಕೊಂಡಿಲ್ಲ. ಕಳೆದ ರಜೆಯಲ್ಲಿ ನಾನು ಅವನ್ನೆಲ್ಲ ಕೆಳಗಿಳಿಸಿ, ಧೂಳು ಕೊಡವಿ, ಯಾವ ಹಾಡಿನ ಮಟ್ಟು ತಾತನವರದೆಂದು ಅಜ್ಜಿಯನ್ನು ಕೇಳಿ ಕೇಳಿ ಒಂದೊಂದರ ತಲೆಯ ಮೇಲೂ ಅವರ ಹೆಸರು ಬರೆದೆ. ಹಣದ ಆಸೆಯಿಂದಲ್ಲ. ಅಜ್ಜಿಗೆ ಈಗ ಎಂಬತ್ತೆರಡು. ಅವಳ ನೆನಪು ಆರುವ ಮುನ್ನ ಆ ಕೆಲಸ ಮುಗಿಯಬೇಕಾಗಿತ್ತು.